ಭತ್ತ ಹಳದಿಯಾಗಿದೆಯಾ? ಯೂರಿಯಾ ಚೀಲ ಬಿಚ್ಚುವ ಮುಂಚೆ ಇದನ್ನು ನೋಡಿ

ನಾಟಿ ಮಾಡಿ ಇಪ್ಪತ್ತು ದಿನ ಆಗಿದೆ. ಪಕ್ಕದವರ ಗದ್ದೆ ಕಪ್ಪುಹಸಿರು ಹೊಡೆಯುತ್ತಿದೆ. ನಿಮ್ಮದು ಮಾತ್ರ ಅರಿಶಿನ ಬಳಿದುಕೊಂಡ ಹಾಗೆ ನಿಂತಿದೆ. ಗೊಬ್ಬರದ ಅಂಗಡಿಗೆ ಹೋದರೆ ಒಂದೇ ಉತ್ತರ: "ಇನ್ನೊಂದು ಚೀಲ ಯೂರಿಯಾ ಒಗೀರಿ."

ನಾನೂ ಒಗೆದವನೇ. ನಮ್ಮದು ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದ ಎರೆ ಭೂಮಿ, ಬೆಳೆಯುವುದು ಸೋನಾ ಮಸೂರಿ. ಕೆಲವು ವರ್ಷದ ಹಿಂದೆ ಗದ್ದೆ ಹೀಗೇ ಹಳದಿಯಾಯಿತು. 45 ಕೆಜಿಯ ಒಂದು ಚೀಲ ಹಾಕಿದೆ, ವಾರ ಕಾದೆ, ಏನೂ ಆಗಲಿಲ್ಲ. ಇನ್ನೊಂದು ಚೀಲ ಹಾಕಿದೆ. ಹಳದಿ ಹೋಗುವುದಿರಲಿ, ಗರಿಗಳ ಮೇಲೆ ತುಕ್ಕಿನಂಥ ಚುಕ್ಕೆ ಬಂತು. ಆಗ ಮೇಲಿನ ಗದ್ದೆಯ ಹಿರಿಯರೊಬ್ಬರು ಬದುವಿನ ಮೇಲೆ ನಿಂತು ಕೇಳಿದರು: "ಎಲಿ ನೋಡಿ ಗೊಬ್ಬರ ಹಾಕ್ತಿಯಲ್ಲೋ ತಮ್ಮಾ, ಬೇರು ಕಿತ್ತು ನೋಡೀಯೇನು?"

ನೋಡಿರಲಿಲ್ಲ. ಕೊನೆಗೆ ಗೊತ್ತಾಗಿದ್ದು ಕೊರತೆ ಸತುವಿನದು (ಜಿಂಕ್), ಯೂರಿಯಾ ಕೊಡುವ ಸಾರಜನಕದ್ದಲ್ಲ. ಸತು ಕೊಟ್ಟ ಮೇಲೆ ಸಸಿ ಚೇತರಿಸಿಕೊಂಡಿತು. ಆದರೆ ಮಣ್ಣಿನಲ್ಲಿ ಬಿದ್ದಿದ್ದ ಅಷ್ಟೂ ಯೂರಿಯಾ ಒಮ್ಮೆಲೇ ಹೀರಿ ಸೊಕ್ಕಿ ಬೆಳೆಯಿತು. ತೆನೆ ಬರುವ ಹೊತ್ತಿಗೆ ಬುಡದಲ್ಲಿ ರಸ ಹೀರುವ ಜಿಗಿಹುಳು ಕೂತಿತು. ಒಂದು ತಪ್ಪಿಗೆ ಎರಡು ಸಲ ದುಡ್ಡು ಕೊಟ್ಟೆ.

ಆವತ್ತಿನಿಂದ ನಾನು ಗದ್ದೆ ನೋಡುವ ಕ್ರಮ ಬದಲಾಗಿದೆ. ಗದ್ದೆ ನೋಡಲು ಅರ್ಧ ಗಂಟೆ ಸಾಕು, ಮಣ್ಣಿನ ಲೋಟದ ಪರೀಕ್ಷೆಗೆ ಮಾತ್ರ ಒಂದು ರಾತ್ರಿ ಬೇಕು. ಒಂದು ಗಾಜಿನ ಲೋಟ, ಒಂದು ಬ್ಲೇಡು, ಸ್ವಲ್ಪ ಮಳೆನೀರು ಇದ್ದರೆ ಆಯಿತು.

ಮೊದಲು ಬದುವಿನ ಮೇಲೆ ನಿಲ್ಲಿ

ಗದ್ದೆಗೆ ಇಳಿಯುವ ಮುಂಚೆ ದೂರದಿಂದ ಆಕಾರ ನೋಡಿ. ಇಡೀ ಗದ್ದೆ ಒಂದೇ ಸಮ ತಿಳಿಹಸಿರಾಗಿದ್ದರೆ ಸಾಮಾನ್ಯವಾಗಿ ಆಹಾರದ ಕೊರತೆ ಅಥವಾ ಚಳಿ. ಅಲ್ಲಲ್ಲಿ ತೇಪೆ ಹಾಕಿದ ಹಾಗಿದ್ದರೆ ಮಣ್ಣು, ನೀರು ಅಥವಾ ಹುಳು. ದುಂಡಗೆ ಒಣಗಿ, ದಿನದಿಂದ ದಿನಕ್ಕೆ ಆ ದುಂಡು ಅಗಲವಾಗುತ್ತಿದ್ದರೆ ಜಿಗಿಹುಳುವಿನ ಮೇಲೆ ಅನುಮಾನ ಪಡಿ. ನೇರ ಪಟ್ಟಿಯಾಗಿ ಹಳದಿ ಕಂಡರೆ ಅದು ನಮ್ಮದೇ ಕೈಕೆಲಸ. ಗೊಬ್ಬರ ಎರಚುವಾಗ ಬಿಟ್ಟ ಜಾಗ ಇರಬಹುದು, ಕಳೆನಾಶಕ ಎರಡು ಸಲ ಬಿದ್ದ ಜಾಗ ಇರಬಹುದು. ರೋಗ, ಹುಳು ಯಾವುದೂ ಹಗ್ಗ ಹಿಡಿದು ಗೆರೆ ಎಳೆಯುವುದಿಲ್ಲ ಅಲ್ವಾ?

ನೀರು ಒಳಗೆ ಬರುವ ಬಾಯಿ ಎಲ್ಲಿದೆ, ಹೊರಗೆ ಹೋಗುವ ಬಾಯಿ ಎಲ್ಲಿದೆ ಅನ್ನುವುದನ್ನೂ ಗಮನಿಸಿ. ತಗ್ಗಿನಲ್ಲೇ ಹಳದಿ ಇದೆಯಾ, ದಿಬ್ಬದಲ್ಲಾ? ಇದೊಂದು ಪ್ರಶ್ನೆ ಅರ್ಧ ಉತ್ತರ ಹೇಳಿಬಿಡುತ್ತದೆ.

ನಾಟಿ ಮಾಡಿ ಇನ್ನೂ ವಾರ ಹತ್ತು ದಿನ ಆಗಿಲ್ಲದಿದ್ದರೆ ಏನೂ ಮಾಡಬೇಡಿ. ಕಿತ್ತು ನೆಟ್ಟ ಸಸಿ ಬೇರು ಹಿಡಿಯುವವರೆಗೆ ಹಳದಿ ಇರುವುದು ಸಹಜ. ಸುಮ್ನೆ ಮನೆಗೆ ಹೋಗಿ.

ಹಳದಿ ಹಳೆ ಗರಿಯಲ್ಲೋ, ಹೊಸ ಗರಿಯಲ್ಲೋ?

ಇಡೀ ಪರೀಕ್ಷೆಯಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ. ಸಾರಜನಕ, ಪೊಟ್ಯಾಷ್ ಗಿಡದೊಳಗೆ ಓಡಾಡುತ್ತವೆ. ಕೊರತೆ ಬಿದ್ದಾಗ ಗಿಡ ಹಳೆ ಗರಿಯಿಂದ ಕಿತ್ತು ಹೊಸ ಗರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಗರಿ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಮತ್ತು ಗಂಧಕ ಹಾಗೆ ಸುಲಭಕ್ಕೆ ಓಡಾಡುವುದಿಲ್ಲ. ಅವು ಕಮ್ಮಿಯಾದರೆ ಪೆಟ್ಟು ಬೀಳುವುದು ಸುಳಿಗೆ.

ಕೆಳಗಿನ ಗರಿಗಳು ತುದಿಯಿಂದ ನಡುನರದ ಉದ್ದಕ್ಕೆ ಹಳದಿಯಾಗುತ್ತಾ ಬಂದು, ಸುಳಿ ಇನ್ನೂ ಹಸಿರಿದ್ದು, ತೆಂಡೆ (ಬುಡದಿಂದ ಒಡೆಯುವ ಮರಿಗಳು) ಕಮ್ಮಿ ಇದ್ದರೆ ಅದು ಸಾರಜನಕದ ಕೊರತೆ. ಇಂಥ ಗದ್ದೆಗೆ ಮಾತ್ರ ಯೂರಿಯಾ. ಅದನ್ನೂ ತುಂಬಿದ ನೀರಿಗೆ ಎರಚಬೇಡಿ. ನೀರು ಬಸಿದು, ಕೆಸರಿನ ಮೇಲೆ ಹಾಕಿ, ಒಂದು ದಿನ ಬಿಟ್ಟು ನೀರು ಕಟ್ಟಿ. ತುಂಬಿ ನಿಂತ ನೀರಿಗೆ ಹಾಕಿದರೆ ಒಂದು ಭಾಗ ಗಾಳಿಗೆ ಹೋಗುತ್ತದೆ, ಬದು ಸೋರುತ್ತಿದ್ದರೆ ಇನ್ನೊಂದು ಭಾಗ ಕೆಳಗಿನ ಗದ್ದೆಯವನಿಗೆ ಪುಕ್ಕಟೆ.

ಹಳೆ ಗರಿಯ ತುದಿ ಮತ್ತು ಅಂಚು ಮಾತ್ರ ಹಳದಿಯಾಗಿ ಕಂದಿ ಸುಟ್ಟಂತಾದರೆ ಪೊಟ್ಯಾಷ್ ನೋಡಿ. ಪ್ರತಿ ಬೆಳೆಯಲ್ಲೂ ಹುಲ್ಲು ಪೂರ್ತಿ ಹೊರಗೆ ಸಾಗಿಸುವ ಗದ್ದೆಗಳಲ್ಲಿ ಇದು ಜಾಸ್ತಿ. ಭತ್ತ ಎತ್ತಿಕೊಂಡ ಪೊಟ್ಯಾಷ್‌ನ ಬಹುಪಾಲು ಹುಲ್ಲಿನಲ್ಲೇ ಉಳಿದಿರುತ್ತದೆ.

ಸುಳಿಯೇ ಹಳದಿ, ನರಗಳ ನಡುವೆ ಬಣ್ಣ ಹೋಗಿ ಕೊನೆಗೆ ಕಾಗದದ ಹಾಗೆ ಬೆಳ್ಳಗಾಗುತ್ತಿದೆ ಅಂದರೆ ಕಬ್ಬಿಣದ ಕೊರತೆ. ನೀರು ನಿಂತ ಗದ್ದೆಯಲ್ಲಿ ಇದು ಅಪರೂಪ. ಒಣ ಸಸಿಮಡಿಯಲ್ಲಿ, ನೇರ ಬಿತ್ತನೆ ಮಾಡಿದ ಕಡೆ, ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ಬರುತ್ತದೆ. ಸಸಿಮಡಿಗೆ ನೀರು ಕಟ್ಟಿದರೆ ಎಷ್ಟೋ ಸಲ ಅದರಿಂದಲೇ ಸರಿಹೋಗುತ್ತದೆ. ಆಗದಿದ್ದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಜೊತೆಗೆ 1 ಗ್ರಾಂ ಸಿಟ್ರಿಕ್ ಆಸಿಡ್ ಸೇರಿಸಿ ಆಗಿಂದಾಗಲೇ ಸಿಂಪಡಿಸಬೇಕು. ಅನ್ನಭೇದಿ ಕೊಳ್ಳುವಾಗ ಬಣ್ಣ ನೋಡಿ. ಹಸಿರು ಹರಳಾಗಿರಬೇಕು. ಕಂದು ಪುಡಿಯಾಗಿದ್ದರೆ ಅದರ ಕಥೆ ಮುಗಿದಿದೆ.

ಗಂಧಕದ ಕೊರತೆಯೂ ಹೊಸ ಗರಿಯಿಂದಲೇ ಶುರು. ಆದರೆ ಗರಿ ಪಟ್ಟಿಪಟ್ಟಿಯಾಗದೆ ಪೂರ್ತಿ ಮಂಕಾಗುತ್ತದೆ. ವರ್ಷಗಟ್ಟಲೆ ಬರೀ ಡಿಎಪಿ, ಯೂರಿಯಾ ಹಾಕಿದವರು ಇದನ್ನು ನೆನಪಿಡಿ, ಎರಡರಲ್ಲೂ ಗಂಧಕ ಇಲ್ಲ.

ನನ್ನನ್ನು ಏಮಾರಿಸಿದ್ದು: ಸತು

ನಾಟಿಯಾದ ಎರಡರಿಂದ ನಾಲ್ಕು ವಾರದೊಳಗೆ ಬರುವ ತೊಂದರೆ ಇದು. ಸರಿಯಾಗಿ ಮೊದಲ ಮೇಲುಗೊಬ್ಬರ ಹಾಕುವ ಹೊತ್ತಿಗೇ ಬರುವುದರಿಂದ ಎಲ್ಲರೂ ಸಾರಜನಕ ಅಂದುಕೊಳ್ಳುತ್ತಾರೆ.

ಒಂದು ಗಿಡ ಕಿತ್ತು ಬಿಸಿಲಿಗೆ ಹಿಡಿಯಿರಿ. ಎಳೆ ಗರಿಯ ಬುಡದ ಹತ್ತಿರ ನಡುನರ ಬೆಳ್ಳಗಾಗಿದೆಯಾ? ಅದರ ಕೆಳಗಿನ ಗರಿಗಳಲ್ಲಿ ಕಂದು ಧೂಳು ಉದುರಿಸಿದಂಥ ಸಣ್ಣ ಚುಕ್ಕೆಗಳಿದ್ದು, ಒಂದಕ್ಕೊಂದು ಕೂಡಿಕೊಳ್ಳುತ್ತಿವೆಯಾ? ಗಿಡಗಳು ಒಂದು ಎತ್ತರ ಒಂದು ಗಿಡ್ಡ, ಏರುಪೇರಾಗಿ ನಿಂತಿವೆಯಾ? ಮೂರಕ್ಕೂ ಹೌದು ಅಂದರೆ ಸತುವಿನ ಕೊರತೆ. ಇದನ್ನು ಮೊದಲು ಗುರುತಿಸಿದ್ದು 1960ರ ದಶಕದಲ್ಲಿ, ಪಂತನಗರದ ಕೃಷಿ ವಿಶ್ವವಿದ್ಯಾಲಯದ ವೈ.ಎಲ್. ನೆನೆ. ಅದಕ್ಕೂ ಮುಂಚೆ ಅಲ್ಲಿನ ರೈತರು 'ಖೈರಾ' ಅನ್ನುವ ರೋಗ ಅಂತಲೇ ತಿಳಿದಿದ್ದರು.

ಎರೆ ಭೂಮಿಯಲ್ಲಿ ಇದೇಕೆ ಜಾಸ್ತಿ? ಮಣ್ಣಿನಲ್ಲಿ ಸತು ಇಲ್ಲವೆಂದಲ್ಲ. ರಸಸಾರ (pH) 8 ದಾಟಿದ, ಸುಣ್ಣ ಇರುವ ಮಣ್ಣಿನಲ್ಲಿ ಸತು ಬೇರಿಗೆ ಸಿಗದ ಹಾಗೆ ಕಟ್ಟಿಕೊಳ್ಳುತ್ತದೆ. ಮೇಲೆ ನೀರು ನಿಂತರೆ ಇನ್ನೂ ಬಿಗಿ. ಅದರ ಮೇಲೆ ಡಿಎಪಿ ಸುರಿದರೆ ಅದರಲ್ಲಿರುವ ರಂಜಕವೂ ಅಡ್ಡ ಬರುತ್ತದೆ. ಹುಂಡಿಯಲ್ಲಿ ದುಡ್ಡಿದೆ, ಬೀಗದ ಕೈ ಸಿಗುತ್ತಿಲ್ಲ, ಅಷ್ಟೇ.

ನಿಂತ ಬೆಳೆಗೆ ಸಿಂಪಡಣೆಯೇ ಬೇಗ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಟ್ಟ ಸುಣ್ಣದ ತಿಳಿ. 16 ಲೀಟರ್ ಟ್ಯಾಂಕಿಗೆ 80 ಗ್ರಾಂ ಮತ್ತು 40 ಗ್ರಾಂ ಆಯಿತು. ಸುಣ್ಣವನ್ನು ಹಿಂದಿನ ರಾತ್ರಿ ನೆನೆಸಿ, ತಿಳಿ ಮಾತ್ರ ಬಟ್ಟೆಯಲ್ಲಿ ಸೋಸಿ ಹಾಕಿ. ಸುಣ್ಣ ಬಿಟ್ಟರೆ ಗರಿ ಸುಡುತ್ತದೆ, ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ವಾರ ಹತ್ತು ದಿನಕ್ಕೆ ಇನ್ನೊಮ್ಮೆ ಹೊಡೆಯಿರಿ. ಮುಂದಿನ ಬೆಳೆಗೆ ಕೊನೆಯ ಕೆಸರು ಮಾಡುವಾಗಲೇ ಎಕರೆಗೆ 8ರಿಂದ 10 ಕೆಜಿ ಸತುವಿನ ಸಲ್ಫೇಟ್ ಮಣ್ಣಿಗೆ ಹಾಕಿಬಿಡಿ. ಮರಳು ಅಥವಾ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಎರಚಬಹುದು, ಡಿಎಪಿ ಜೊತೆ ಮಾತ್ರ ಕಲಸಬೇಡಿ.

ಬೇರು ಏನು ಹೇಳುತ್ತದೆ

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಎಲೆ ಹಿಡಿದು ಎಳೆಯಬೇಡಿ. ಕೈಯನ್ನು ಕೆಸರಿನೊಳಗೆ ಬಿಟ್ಟು ಬುಡದ ಸಮೇತ ಎತ್ತಿ, ಕಾಲುವೆ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ.

ನೀರಿನಲ್ಲಿ ನಿಂತ ಭತ್ತದ ಆರೋಗ್ಯವಂತ ಬೇರು ಪೂರ್ತಿ ಬೆಳ್ಳಗಿರುವುದಿಲ್ಲ. ಹಳೆ ಬೇರಿನ ಮೇಲೆ ಕೆಂಗಂದು ಲೇಪ, ಹೊಸ ಬೇರು ಮತ್ತು ತುದಿ ಬಿಳಿ. ಭತ್ತದ ಕಾಂಡದೊಳಗೆ ಗಾಳಿ ಹೋಗುವ ಕೊಳವೆಗಳಿವೆ. ಅದರಿಂದಲೇ ಬೇರೆ ಬೆಳೆ ಕೊಳೆಯುವ ಕೆಸರಿನಲ್ಲಿ ಇದು ಬದುಕುತ್ತದೆ. ಬೇರಿನಿಂದ ಹೊರಗೆ ಸೋರುವ ಗಾಳಿಗೆ ಸುತ್ತಲಿನ ಕಬ್ಬಿಣ ತುಕ್ಕು ಹಿಡಿದು ಆ ಕೆಂಪು ಲೇಪ ಆಗುತ್ತದೆ. ಅಂದರೆ ಆ ತುಕ್ಕು ಒಳ್ಳೆಯ ಸುದ್ದಿ.

ಬೇರೆಲ್ಲ ಕಪ್ಪಾಗಿದ್ದರೆ, ಹೊಸ ಬಿಳಿ ಬೇರು ಇಲ್ಲದಿದ್ದರೆ, ಮೂಗಿನ ಹತ್ತಿರ ತಂದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಣ್ಣು ಉಸಿರುಗಟ್ಟಿದೆ. ಹಸಿರೆಲೆ ಗೊಬ್ಬರವನ್ನೋ ಹಿಂದಿನ ಬೆಳೆಯ ಹುಲ್ಲನ್ನೋ ಉತ್ತು, ಕೊಳೆಯಲು ದಿನ ಕೊಡದೆ ನಾಟಿ ಮಾಡಿದ ಗದ್ದೆಯಲ್ಲಿ ಇದು ಮಾಮೂಲು. ಕೆಸರಿನಲ್ಲಿ ಕಾಲಿಟ್ಟರೆ ಗುಳುಗುಳು ಗುಳ್ಳೆ ಏಳುತ್ತದೆ. ಇಲ್ಲಿ ಯಾವ ಗೊಬ್ಬರವೂ ನಾಟುವುದಿಲ್ಲ, ಯಾಕೆಂದರೆ ತಿನ್ನುವ ಬಾಯಿಯೇ ಸತ್ತಿದೆ. ನೀರು ಪೂರ್ತಿ ಬಸಿಯಿರಿ. ಕೂದಲೆಳೆಯಂಥ ಬಿರುಕು ಬೀಳುವವರೆಗೆ ಬಿಡಿ. ಎರೆ ಮಣ್ಣಲ್ಲಿ ದೊಡ್ಡ ಬಿರುಕಾಗಲು ಬಿಡಬೇಡಿ, ಬೇರು ಹರಿಯುತ್ತದೆ. ಆಮೇಲೆ ತೆಳ್ಳಗೆ ನೀರು ಕಟ್ಟಿ. ಒಂದು ವಾರದಲ್ಲಿ ಬಿಳಿ ಬೇರು ಹೊರಟರೆ ಗೆದ್ದಂತೆ.

ಬಸಿಯಿರಿ ಅನ್ನುವುದು ಸುಲಭ. ಬಿಟ್ಟ ನೀರು ಮತ್ತೆ ಸಿಗುತ್ತದಾ ಅನ್ನುವ ಭಯ ನಾಲೆಯ ಕೊನೆಯವರಿಗೇ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಿದ್ದೆ ಬಂದಿರಲಿಕ್ಕಿಲ್ಲ. ಆದರೂ ಹೇಳುತ್ತೇನೆ: ಭತ್ತಕ್ಕೆ ಎರಡರಿಂದ ಐದು ಸೆಂಟಿಮೀಟರ್ ನೀರು ಸಾಕು. ಮೊಣಕಾಲುದ್ದ ನಿಲ್ಲಿಸಿಟ್ಟರೆ ಅದು ಉಳಿತಾಯ ಅಲ್ಲ, ಬೇರಿಗೆ ಉರುಲು.

ಸವಳು: ಲೋಟದ ಪರೀಕ್ಷೆ

ಗರಿಯ ತುದಿ ಬೆಳ್ಳಗೆ ಒಣಗಿದೆ, ಅಲ್ಲಲ್ಲಿ ಸಸಿ ಸತ್ತು ಬೋಳಾಗಿದೆ, ಬದುವಿನ ಮೇಲೆ ಬಿಸಿಲಿಗೆ ಉಪ್ಪು ಬಿಳಿಯಾಗಿ ಎದ್ದಿದೆ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತುಂಗಭದ್ರಾ ನಾಲೆ ಮುಖ್ಯವಾಗಿ ಕಮ್ಮಿ ನೀರಿನ ಬೆಳೆಗಳಿಗೆ ಅಂತ ಯೋಜಿಸಿದ್ದು. ಎಲ್ಲರೂ ಭತ್ತ ಹಚ್ಚಿದೆವು. ಬಸಿಗಾಲುವೆ ಮುಚ್ಚಿದವು, ಕೆಳಗಿನ ನೀರು ಮೇಲೆ ಬಂತು, ಜೊತೆಗೆ ಉಪ್ಪನ್ನೂ ತಂದಿತು.

ಆದರೆ ಸವಳಿನಲ್ಲಿ ಎರಡು ಜಾತಿ, ಮದ್ದು ಬೇರೆ ಬೇರೆ. ಒಂದು ಹಿಡಿ ಒಣ ಮಣ್ಣನ್ನು ಗಾಜಿನ ಲೋಟದಲ್ಲಿ ಹಾಕಿ, ಮಳೆನೀರು ಸುರಿದು, ಮೆಲ್ಲಗೆ ಕಲಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮಣ್ಣು ತಳ ಸೇರಿ ನೀರು ತಿಳಿಯಾಗಿದ್ದರೆ ಅಲ್ಲಿರುವುದು ಬರೀ ಉಪ್ಪು. ಸಿಹಿನೀರು ನಿಲ್ಲಿಸಿ, ಬಸಿಗಾಲುವೆಗೆ ಬಿಟ್ಟು ತೊಳೆಯಬೇಕು. ಇಲ್ಲಿ ಜಿಪ್ಸಂ ಹಾಕಿದರೆ ದುಡ್ಡು ದಂಡ. ಬೆಳಗ್ಗೆಯೂ ನೀರು ಚಹಾದ ಹಾಗೆ ರಾಡಿಯಾಗಿಯೇ ಇದ್ದರೆ ಸೋಡಿಯಂ ಜಾಸ್ತಿಯಾದ ಕ್ಷಾರ ಮಣ್ಣು. ಇದಕ್ಕೇ ಜಿಪ್ಸಂ. ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು, ಅಂಗಡಿಯವನಲ್ಲ. ಬೋರಿನ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರಲ್ಲಿರುವ ಉಪ್ಪೇ ಮಣ್ಣನ್ನು ತಳಕ್ಕೆ ಕೂರಿಸಿ ಸುಳ್ಳು ಹೇಳಿಸುತ್ತದೆ.

ಭತ್ತ ಉಪ್ಪಿಗೆ ಹೆದರುವುದು ಎರಡು ಸಲ: ಎಳೆ ಸಸಿಯಾಗಿದ್ದಾಗ, ಮತ್ತೆ ಹೂ ಬಿಡುವಾಗ. ನಡುವೆ ತೆಂಡೆ ಒಡೆಯುವ ಕಾಲದಲ್ಲಿ ಸ್ವಲ್ಪ ತಡೆಯುತ್ತದೆ. ಹಾಗಾಗಿ ಸವಳು ಜಾಗಕ್ಕೆ ಎಳೆ ಸಸಿ ಬೇಡ. ತಿಂಗಳು ತುಂಬಿದ ಸಸಿಯನ್ನು ಗುಣಿಗೆ ಮೂರು ನಾಲ್ಕರಂತೆ ನೆಡಿ. ಕುಮಟಾದ ಅಘನಾಶಿನಿ ಗಜನಿಗಳಲ್ಲಿ ಸಮುದ್ರದ ನೀರು ನುಗ್ಗುವ ಗದ್ದೆಯಲ್ಲೂ ಕಗ್ಗ ಭತ್ತ ಬೆಳೆಯುತ್ತದೆ. ನಮ್ಮ ಸೋನಾ ಮಸೂರಿಯಿಂದ ಆ ಗಟ್ಟಿತನ ಬಯಸಬೇಡಿ.

ಕರಾವಳಿ, ಮಲೆನಾಡಿನವರಿಗೆ

ನಿಮ್ಮ ಕಥೆ ಉಲ್ಟಾ. ಕೆಂಪು ಮುರಕಲ್ಲಿನ ಗುಡ್ಡದಿಂದ ಜಿನುಗುವ ನೀರು ಬೈಲು ಗದ್ದೆಗೆ ಇಳಿಯುವ ಕಡೆ ಕಬ್ಬಿಣ ಜಾಸ್ತಿಯಾಗುತ್ತದೆ. ಹಳೆ ಗರಿಯ ತುದಿಯಿಂದ ಸಣ್ಣ ಕಂದು ಚುಕ್ಕೆ ಇಳಿದು ಗರಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನೀರಿನ ಮೇಲೆ ಎಣ್ಣೆ ತೇಲಿದ ಹಾಗೆ ಪೊರೆ ಇರುತ್ತದೆ. ಕಡ್ಡಿಯಿಂದ ಚುಚ್ಚಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪೊರೆ ಗಾಜಿನಂತೆ ಚೂರಾಗುತ್ತದೆ. ಗುಡ್ಡದ ನೀರು ಗದ್ದೆಗೆ ಬರದಂತೆ ಬದಿಯಲ್ಲಿ ಕಣಿ ತೆಗೆಯಿರಿ, ನೀರು ಬಸಿಯಿರಿ, ಪೊಟ್ಯಾಷ್ ಕೊಡಿ. ಮುಂದಿನ ಬೆಳೆಗೆ ಸುಣ್ಣ. ಸತುವಿನ ಚುಕ್ಕೆಗೂ ಇದಕ್ಕೂ ಗೊಂದಲವಾದರೆ ಎಳೆ ಗರಿಯ ನಡುನರ ನೋಡಿ, ಬೆಳ್ಳಗಾಗಿದ್ದರೆ ಸತುವೇ.

ರೋಗವೋ, ಹುಳುವೋ

ಗರಿಯ ಅಂಚಿನಲ್ಲಿ ತುದಿಯಿಂದ ಕೆಳಕ್ಕೆ ಅಲೆಅಲೆಯಾಗಿ ಹಳದಿ ಪಟ್ಟೆ ಇಳಿದು ಹುಲ್ಲಿನ ಬಣ್ಣಕ್ಕೆ ಒಣಗುತ್ತಿದ್ದರೆ ಅದನ್ನು ಪೊಟ್ಯಾಷ್ ಕೊರತೆ ಅಂದುಕೊಳ್ಳುವುದು ಸುಲಭ. ಬ್ಲೇಡಿನಿಂದ ಹಸಿರು ಮತ್ತು ಹಳದಿ ಸೇರುವ ಜಾಗದಲ್ಲಿ ಬೆರಳುದ್ದದ ತುಂಡು ಕತ್ತರಿಸಿ, ತಿಳಿನೀರಿನ ಲೋಟದಲ್ಲಿ ನೇರವಾಗಿ ಇಳಿಬಿಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಐದು ಹತ್ತು ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಊದುಬತ್ತಿ ಹೊಗೆಯಂತೆ ಬಿಳಿ ಎಳೆ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ. ಹೊಗೆ ಅಂದೆ ನೋಡಿ, ಅದೆಲ್ಲ ಲಕ್ಷಾಂತರ ದುಂಡಾಣುಗಳ ಅಂಟು. ಇದಕ್ಕೆ ಯೂರಿಯಾ ಹಾಕಿದರೆ ಬೆಂಕಿಗೆ ತುಪ್ಪ. ಯೂರಿಯಾ ನಿಲ್ಲಿಸಿ, ನೀರು ಬಸಿದು, ಪೊಟ್ಯಾಷ್ ಕೊಡಿ. ಗರಿ ಒದ್ದೆ ಇರುವಾಗ ಗದ್ದೆಯಲ್ಲಿ ಓಡಾಡಬೇಡಿ. ಒಬ್ಬರ ಗದ್ದೆಯ ನೀರು ಇನ್ನೊಬ್ಬರ ಗದ್ದೆಗೆ ಹರಿಯದಂತೆ ನೋಡಿಕೊಳ್ಳಿ.

ಬೆಂಕಿ ರೋಗದ ಗುರುತು ನೂಲುವ ಕದಿರಿನಾಕಾರದ ಮಚ್ಚೆ. ಎರಡು ತುದಿ ಚೂಪು, ನಡುವೆ ಬೂದಿ. ಚಳಿ ರಾತ್ರಿ, ಇಬ್ಬನಿ, ಜಾಸ್ತಿ ಯೂರಿಯಾ ಮೂರೂ ಸೇರಿದರೆ ಇದು ಬಂದೇ ಬರುತ್ತದೆ. ಬಿಪಿಟಿ 5204 ತಳಿಗಂತೂ ಬೇಗ ತಗಲುತ್ತದೆ. ತಡ ಮಾಡದೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಔಷಧಿ ಹೊಡೆಯಿರಿ.

ಸುಳಿ ಮಾತ್ರ ಒಣಗಿ, ಎಳೆದರೆ ಸಲೀಸಾಗಿ ಕೈಗೆ ಬಂದರೆ ಕಾಂಡ ಕೊರೆಯುವ ಹುಳು. ಸುಳಿ ಈರುಳ್ಳಿ ಗರಿಯಂತೆ ಟೊಳ್ಳು ಕೊಳವೆಯಾದರೆ ಕಣೆ ನೊಣ.

ಜಿಗಿಹುಳುವನ್ನು ಮೇಲಿಂದ ಹುಡುಕಬೇಡಿ. ಗಿಡಗಳನ್ನು ಎರಡೂ ಕೈಯಿಂದ ಬಗೆದು ನೀರಿನ ಮಟ್ಟದ ಬುಡ ನೋಡಿ, ಒಂದು ಏಟು ತಟ್ಟಿ. ಕಂದು ಹುಳುಗಳು ನೀರಿಗೆ ಉದುರುತ್ತವೆ. ಬುಡಕ್ಕೆ ಐದು ಹತ್ತು ಕಂಡರೆ ತಡ ಮಾಡಬೇಡಿ. ಕ್ಯಾಂಪುಗಳ (ಆಂಧ್ರದಿಂದ ಬಂದು ನೆಲೆಸಿದವರ ಊರುಗಳ) ತೆಲುಗು ರೈತರು ಇದನ್ನು 'ದೋಮಪೋಟು' ಅನ್ನುತ್ತಾರೆ, ಆ ಹೆಸರು ಕೇಳಿದರೇ ಎದೆ ಝಲ್ ಅನ್ನುತ್ತದೆ. ಮೊದಲು ಮೂರ್ನಾಲ್ಕು ದಿನ ನೀರು ಬಸಿಯಿರಿ. ಎರಡು ಮೂರು ಮೀಟರಿಗೊಂದು ಅಡಿ ಅಗಲ ಗಿಡ ಬಗೆದು ಗಾಳಿ ಆಡಲು ದಾರಿ ಮಾಡಿ. ಔಷಧಿ ಹೊಡೆದರೆ ಬುಡಕ್ಕೇ ಹೊಡೆಯಬೇಕು. ಪೈರೆಥ್ರಾಯ್ಡ್ ಜಾತಿಯವು ಬೇಡ, ಅವು ಜೇಡ ಮುಂತಾದ ಒಳ್ಳೆಯ ಹುಳುಗಳನ್ನು ಕೊಂದು ಜಿಗಿಹುಳುವನ್ನು ಇಮ್ಮಡಿ ಮಾಡುತ್ತವೆ.

ಬೇಸಿಗೆ ಬೆಳೆಯ ಸಸಿಮಡಿ

ಡಿಸೆಂಬರ್, ಜನವರಿಯಲ್ಲಿ ಸಸಿಮಡಿ ಹಳದಿಯಾದರೆ ಸಾಮಾನ್ಯವಾಗಿ ಕಾರಣ ಚಳಿ. ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿದರೆ ಬೇರಿಗೆ ಆಹಾರ ಸರಿಯಾಗಿ ಎತ್ತಲು ಆಗುವುದಿಲ್ಲ. ಸಂಜೆ ನೀರು ಕಟ್ಟಿ, ಬೆಳಗ್ಗೆ ಆ ತಣ್ಣನೆಯ ನೀರು ಬಿಟ್ಟುಬಿಡಿ. ರಾತ್ರಿ ಪ್ಲಾಸ್ಟಿಕ್ ಹೊದಿಸಿದರೆ ಇನ್ನೂ ಒಳ್ಳೆಯದು. ಬಿಸಿಲು ಬಂದ ಮೇಲೆ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಸಸಿ ಬೇಯುತ್ತದೆ.

ಇಷ್ಟಾದರೂ ಗೊತ್ತಾಗದಿದ್ದರೆ

ಇಡೀ ಗದ್ದೆಯ ಮೇಲೆ ಪ್ರಯೋಗ ಮಾಡಬೇಡಿ. ಹಳದಿ ಇರುವಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಮೂರು ತುಂಡು ಮಾಡಿ, ಕೆಸರಿನಿಂದ ಸಣ್ಣ ಬದು ಕಟ್ಟಿ. ಒಂದಕ್ಕೆ 150 ಗ್ರಾಂ ಯೂರಿಯಾ, ಅಂದರೆ ಎಕರೆಗೆ ಸುಮಾರು 25 ಕೆಜಿ ಲೆಕ್ಕ. ಇನ್ನೊಂದಕ್ಕೆ ಸತು ಸಿಂಪಡಿಸಿ. ಮೂರನೆಯದನ್ನು ಹಾಗೇ ಬಿಡಿ. ಸಾರಜನಕದ ಹಸಿವಾದರೆ ವಾರದೊಳಗೆ ಮೊದಲ ತುಂಡು ಬಣ್ಣ ತಿರುಗುತ್ತದೆ. ಸತುವಾದರೆ ಸ್ವಲ್ಪ ತಡ, ಹೊಸದಾಗಿ ಬಿಟ್ಟ ಗರಿ ನೋಡಬೇಕು. ಹಳೆಯ ಚುಕ್ಕೆ ಮಾಯವಾಗುವುದಿಲ್ಲ. ಮೂರೂ ಒಂದೇ ಥರ ಇದ್ದರೆ ಮತ್ತೆ ಬೇರಿಗೆ ಹೋಗಿ.

ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವುದಾದರೆ ಜೇಬಿನಲ್ಲಿ ಒಂದು ಒಣ ಎಲೆ ಮಡಚಿಟ್ಟುಕೊಂಡು ಹೋಗಬೇಡಿ. ಬೇರು, ಕೆಸರು ಸಮೇತ ಎರಡು ಗಿಡ ತನ್ನಿ: ಒಂದು ಹಳದಿ, ಇನ್ನೊಂದು ಅದೇ ಗದ್ದೆಯ ಚೆನ್ನಾಗಿರುವುದು. ಬದುವಿನ ಮೇಲಿಂದ ತೆಗೆದ ಇಡೀ ಗದ್ದೆಯ ಫೋಟೋ ಮೊಬೈಲಿನಲ್ಲಿರಲಿ. ನಾಟಿಯಾದ ತಾರೀಖು, ಯಾವ ದಿನ ಏನೇನು ಗೊಬ್ಬರ ಹಾಕಿದಿರಿ, ಯಾವ ಕಳೆನಾಶಕ ಹೊಡೆದಿರಿ ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಮೊದಲ ಸಲ ಹೋದಾಗ ಅಲ್ಲಿ ಕೇಳಿದ್ದು ಇದನ್ನೇ. ಒಂದಕ್ಕೂ ಉತ್ತರ ಬರದೆ, ಎರಡು ಚೀಲ ಯೂರಿಯಾ ಅಂತ ಮಾತ್ರ ಹೇಳಿ ಬಂದಿದ್ದೆ.